ದ್ಯಾವಮ್ಮನ ದೀಪ ಮತ್ತು ಮೂರನೇ ಕಲ್ಲು

ಕೇಳ್ರಪ್ಪೋ ಕೇಳಿ! ನಿಂತವರು ಕೂತ್ಕೊಳ್ಳಿ, ಕೂತವರು ಕಿವಿ ಕೊಡಿ. ಈ ಕಥೆನ ನನ್ನ ಹಾಗೆ ಹೇಳೋ ಗಂಡು ಸುತ್ತ ಏಳೂರಲ್ಲಿಲ್ಲ.

ಯಾವುದೋ ಕಾಲ, ಯಾವುದೋ ನಾಡು. ಸುತ್ತ ಕಡಲು. ಬಿಸಿಲು ಅಲ್ಲಿಗೆ ನೆಂಟನ ಹಾಗೆ ಬರೋದು, ಕೂರೋದರೊಳಗೆ ಎದ್ದು ಹೋಗೋದು. ಉಳಿದದ್ದೆಲ್ಲ ಮಂಜು. ದೋಣಿಗಳಿಗೆ ದಾರಿ ತೋರಿಸೋಕೆ ಗುಡ್ಡದ ಗೋಪುರದಲ್ಲೊಂದು ದೀಪ. ಅದನ್ನ ಕಾಯೋಳು ದ್ಯಾವಮ್ಮ. ಗಂಡ ಮುದ್ದಣ್ಣ ಮೀನಿಗೆ ಹೋದವನು ಇನ್ನೂ ಬಂದಿರಲಿಲ್ಲ.

ಅವತ್ತು ಒಡೆಯನನ್ನ ಆರಿಸೋ ದಿನ. ಹೇಗೆ ಆರಿಸ್ತಿದ್ರು? ನಾಯಕ ಬಯಲಲ್ಲಿ ಕಲ್ಲಿನ ಮೇಲೆ ನಿಲ್ಲಬೇಕು, ಹಿಂದೆ ತಿರುಗಿ ನೋಡಬಾರದು. ಒಪ್ಪಿದವರು ಅವನ ಬೆನ್ನ ಹಿಂದೆ ಸಾಲು ನಿಲ್ತಾರೆ. ಉದ್ದ ಸಾಲಿನವನೇ ಒಡೆಯ. ತಲೆತಲಾಂತರದಿಂದ ಎರಡೇ ಕಲ್ಲು. ಒಂದರ ಮೇಲೆ ಕೆಂಪು ಪೇಟ, ಇನ್ನೊಂದರ ಮೇಲೆ ನೀಲಿ ಪೇಟ. ಒಮ್ಮೆ ಇವನು, ಒಮ್ಮೆ ಅವನು. ಯಾರು ಬಂದರೇನು, ಜನರ ಮನೆ ಸೋರುತ್ತಲೇ ಇತ್ತು.

ಆ ವರ್ಷ ಕಹಳೆ ಬೋರ ಅನ್ನೋನು ಮೂರನೇ ಕಲ್ಲು ಉರುಳಿಸ್ಕೊಂಡು ಬಂದ. ಹತ್ತಿ ನಿಂತು ಊದಿದ.

"ಮನೆ ಯಾಕೆ ಸೋರ್ತಿದೆ ಗೊತ್ತಾ? ಆ ದೀಪ! ಅದನ್ನ ನೋಡ್ಕೊಂಡೇ ಪರದೇಶದ ದೋಣಿ ಬರೋದು. ನಾನು ಗೆದ್ರೆ ಸಂಜೆಗೇ ನಂದಿಸ್ತೀನಿ!"

ದ್ಯಾವಮ್ಮ ಜನರ ನಡುವಿಂದ ಕೂಗಿದಳು. "ಲೋ ಬೋರ, ನಮ್ಮ ದೋಣೀನೂ ಅದನ್ನೇ ನೋಡ್ಕೊಂಡು ಬರೋದಲ್ವೇನೋ!"

ಯಾರು ಕೇಳ್ತಾರೆ? ಜನ ಚಪ್ಪಾಳೆ ತಟ್ತಿದ್ರು.

ಕೆಂಪು ಪೇಟದವನು ತಡೀಲಾರದೆ ತಿರುಗಿ ನೋಡಿದ. ಸಾಲು ಕರಗ್ತಿದೆ! ಕಲ್ಲಿಂದ ಇಳಿದು ಬೋರನ ಕಡೆ ನಡೀತಾ ಕೂಗಿದ, "ನಾನು ಅರ್ಧ ದೀಪ ಮುಚ್ತೀನಿ!"

ನೀಲಿ ಬಿಡ್ತಾನಾ? "ನಾನು ಮುಕ್ಕಾಲು!" ಅವನೂ ಇಳಿದ.

ಬೋರ ಮತ್ತೆ ಊದಿದ. "ಗೋಪುರಾನೇ ಕೆಡವ್ತೀನಿ!"

ಇಬ್ಬರೂ ಇನ್ನಷ್ಟು ಹತ್ತಿರ ಹೋದರು.

"ಏಯ್, ನಿನ್ನ ಕಲ್ಲು ಇಲ್ಲಿದೆ ಕಣೋ!" ದ್ಯಾವಮ್ಮ ಕೆಂಪು ಪೇಟದವನ ತೋಳು ಹಿಡಿದಳು. "ಆ ದೀಪಕ್ಕೆ ಎಣ್ಣೆ ಕೊಟ್ಟೋನೇ ನೀನು, ನಾಚಿಕೆ ಆಗಲ್ವಾ?"

"ಸುಮ್ಮನಿರವ್ವ. ಅವನ ಹತ್ರ ಹೋದ ಜನರನ್ನ ವಾಪಸ್ ಕರೆದು ತರ್ತೀನಿ."

ಬೋರ ಮೂರನೇ ಸಲ ಊದಿದ. ಅಷ್ಟರಲ್ಲಿ ಇಬ್ಬರೂ ಅವನ ಬೆನ್ನ ಹಿಂದೆ ಬಂದು ನಿಂತಿದ್ರು. ಎಣಿಸೋ ಅಜ್ಜ ಕೋಲಲ್ಲಿ ತಲೆ ಮುಟ್ಟುತ್ತಾ ಹೊರಟ. ಕೆಂಪು ಪೇಟ ಮುಟ್ಟಿದ, ನೀಲಿ ಪೇಟ ಮುಟ್ಟಿದ. "ಇವೆರಡೂ ಬೋರನ ಸಾಲಿಗೆ."

"ಏ ಮುದುಕ, ನಾನು ನಾಯಕ!" ಅಂದ ಕೆಂಪು ಪೇಟದವನು.

"ನಾಯಕನ ಕಣ್ಣ ಮುಂದೆ ಬಯಲಿರುತ್ತೆ. ನಿನ್ನ ಕಣ್ಣ ಮುಂದೆ ಬೋರನ ಬೆನ್ನಿದೆ."

ಖಾಲಿ ಕಲ್ಲುಗಳ ಹಿಂದೆ ಉಳಿದ ಜನ ಬಾಯಿ ಬಿಟ್ಕೊಂಡು ನಿಂತಿದ್ರು. ದ್ಯಾವಮ್ಮನಿಗೆ ರೇಗಿಹೋಯ್ತು. ಸೆರಗು ಸಿಕ್ಕಿಸಿ ಕೆಂಪು ಪೇಟದವನ ಕಲ್ಲು ಹತ್ತಿದಳು.

"ದೀಪ ಪೂರ್ತಿ ಉರಿಯುತ್ತೆ! ಮನೆ ಸೋರೋದು ಸೂರಿಂದ ಕಣ್ರೋ, ದೀಪದಿಂದಲ್ಲ. ಸೂರು ಹೊದಿಸೋಣ, ಬರೋರು ಬನ್ನಿ!"

ಕಡಲಿಗೆ ಮುಖ ಮಾಡಿ ನಿಂತಳು. ಬೆನ್ನ ಹಿಂದೆ ಯಾರೋ ಕೆಮ್ಮಿದರು. ಒಂದು ಚಪ್ಪಲಿ ಸರಪರ ಅಂತು. ಆಮೇಲೆ ಇನ್ನೊಂದು. ಬೋರನ ಕಡೆಯಿಂದಲೂ ಓಡಿ ಬರೋ ಸದ್ದು. ಅವಳು ತಿರುಗಿ ನೋಡಿದಳಾ? ಕತ್ತು ಒಂದಿಷ್ಟೂ ಅಲುಗಲಿಲ್ಲ.

ಸಂಜೆ ಮುದ್ದಣ್ಣನ ದೋಣಿ ಮಂಜು ಸೀಳ್ಕೊಂಡು ದಡಕ್ಕೆ ಬಂತು. ಯಾವ ಬೆಳಕಲ್ಲಿ ಬಂತು ಅಂತ ನಾನು ಬೇರೆ ಹೇಳಬೇಕಾ?

ದೀಪ ಅವಳ ಕೈಲಿ, ಕಥೆ ನನ್ನ ಬಾಯಲ್ಲಿ, ಸಾಲು ನಿಮ್ಮ ಕಾಲಲ್ಲಿ.