ಸ್ಟೇಶನ್ ಇಲ್ಲದ ಜಾಗ

…ಏ ಇಲ್ಲ ಇಲ್ಲ, ಇದು ಹಾಡು ಕೇಳೂ ರೇಡಿಯೋ ಅಲ್ಲ ತಂಗಿ! ಅಂದ್ರ, ಹಾಡೂ ಬರತೈತಿ, ಖರೆ… ಆದ್ರ ನಾ ಹಾಡು ಕೇಳಾಕ ಕೊಳ್ಳಾಗ ಹಾಕ್ಕೊಂಡು ಬಂದಿಲ್ಲ. ಇದು ಸರಕಾರದ್ದು. ಇದಕ್ಕ ಲೈಸೆನ್ಸೂ ಬ್ಯಾಡ! ಮೀಟರ್ ಓದೂ ಯಮನೂರಸಾಬಗ ಮುಪ್ಪಿನ ಕಾಲಕ್ಕ ಷೋಕಿ ಹತ್ತೇತಿ ಅಂತ ಇಡೀ ಓಣಿ ನಗಾಕತ್ತೈತಿ ಇವತ್ತ. ನಗಲಿ. ನಗೂ ಮಂದಿ ಮನ್ಯಾಗ ಇದು ಒದರಿದ ಮ್ಯಾಲ ಗೊತ್ತಾಗತೈತಿ.

ಕುಂಡ್ರು, ನೀ ಯಾಕ ಎದ್ದಿ? ಚಾ ಬ್ಯಾಡ. ವಿಠೋಬಾ ಹೋಗಿ ಇನ್ನೂ ತಿಂಗಳ ತುಂಬಿಲ್ಲ, ನಿನ್ನ ಕೈಲೆ ಚಾ ಮಾಡಿಸ್ಕೊಂಡು ಕುಡಿಯೂವಷ್ಟು ಕಟುಕ ಅಲ್ಲ ನಾ. ಒಂದು ತಂಬಿಗಿ ನೀರು ಕೊಡು, ಸಾಕು… ಯಾ ಅಲ್ಲಾ. ಮಗ್ಗಕ್ಕ ಅರಿಬಿ ಹೊಚ್ಚೀರಿ, ಅಲಾ? ಛಲೋ ಮಾಡಿದ್ರಿ. ಈ ಮನಿಗೆ ಬಂದ್ರ ಖಟಾಖಟ್ ಖಟಾಖಟ್ ಅಂತಿತ್ತು. ಈಗ ಹೊಸ್ತಲಾ ದಾಟಾಕ ಕಾಲ ಏಳೂದಿಲ್ಲ ನನಗ.

ಹಾಂ, ರೇಡಿಯೋ. ಗದಗ ಆಫೀಸಿಗೆ ಹೊಸ ಸಾಹೇಬ್ರು ಬಂದಾರ. ಇನ್ನೂ ಮೀಸಿ ಬಲತಿಲ್ಲ, ಆದ್ರ ಭಾಳ ಖಡಕ್. ಮೀಟರಿನ ಚಕ್ರ ಸುಳ್ಳು ಹೇಳತೈತಿ, ರೇಡಿಯೋ ಸುಳ್ಳು ಹೇಳೂದಿಲ್ಲ ಅಂತಾರ. ಇದನ್ನ ನನ್ನ ಕೈಯಾಗ ಕೊಟ್ಟು, ನೀ ಮುಂದ ಹೋಗು, ನಾ ಜೀಪಿನ್ಯಾಗ ಹಿಂದ ಬರ್ತೀನಿ ಅಂದ್ರು. ನೋಡು, ಹಿಂಗ ಗುಂಡಿ ತಿರುವೂದು… ಕೇಳಿದೀ? ಧಾರವಾಡ. ಜ್ವಾಳದ ಬಿತ್ತನಿ ಮಾತಾಡಾಕತ್ತಾರ. ಇದು ಬ್ಯಾಡ. ಇನ್ನೊಂಚೂರು ಸರಿಸೂದು… ಇನ್ನೊಂಚೂರು… ಹಾಂ, ಇಲ್ಲೆ! ಯಾವ ಸ್ಟೇಶನ್ನೂ ಇಲ್ಲದ ಜಾಗ. ಬರೇ ಸುಯ್ಯ್ ಅಂತೈತಿ, ಹೌದಿಲ್ಲೋ? ಇದನ್ನ ಗ್ವಾಡಿಗೆ ಹಚ್ಚಿ ಸಾವಕಾಶ ಸರಿಸ್ಕೋತ ಹೋಗೂದು. ಒಳಗ ಎಲ್ಲೆರೆ ಕರೆಂಟ್ ಕಿಡಿ ಕಾರಾಕತ್ತಿದ್ರ ಗರ್ರ್ ಅಂತ ಒದರತೈತಿ. ಮುಂಜಾನೆ ನಿಮ್ಮ ಬಾಜೂಮನಿ ನಿಂಗಪ್ಪನ ಮನ್ಯಾಗ ದೇವರ ಜಗಲಿ ಹಿಂದ ಒದರ್ತು ನೋಡು! ಕದ್ದ ವಾಯರ್, ದೇವರ ಬೆನ್ನಿಗೆ! ನಾನ ಅವನ ಕರೆಂಟ್ ಕಿತ್ತು ಬಂದೀನಿ.

ನೀ ಯಾಕ ಮುಖ ಸಣ್ಣದು ಮಾಡ್ತಿ? ಕುಂಬಳಕಾಯಿ ಕಳ್ಳ ಅಂದ್ರ ಕಳ್ಳ ಹೆಗಲ ಮುಟ್ಟಿ ನೋಡ್ಕೋಬೇಕು, ನಾವ್ಯಾಕ ನೋಡ್ಕೋಬೇಕು? ತಡಿ, ಈ ಬಾಗಲ ಗ್ವಾಡಿಗೆ ಹಚ್ಚತೀನಿ… ಸುಯ್ಯ್. ಈ ಕಿಡಕಿ ಬಾಜೂ… ಸುಯ್ಯ್. ಆತು! ನಿಮ್ಮ ಮನಿ ಗಂಗಾಳ ತೊಳದಂಗ ಐತಿ. ಹಿಂಗಂತ ಬರಸ್ತೀನಿ.

ಒಂದ ಮಾತು ಉಳೀತು. ಅದಕ್ಕ ನಾ ಸಾಹೇಬ್ರಿಗಿಂತ ಮೊದ್ಲ ಬಂದೆ. ಅವರು ನಿನ್ನ ಕೇಳ್ತಾರ ಬನಶಂಕರೆವ್ವಾ. ಗಂಡ ಮಗ್ಗದ ವಾಯರಿಗೆ ಕೈ ಹಾಕಿದಾಗ ಮೇನ್ ಸ್ವಿಚ್ ಮ್ಯಾಲ ಚಾಲೂ ಇತ್ತೋ, ಕೆಳಗ ಬಂದ್ ಇತ್ತೋ, ಅಂತ. ನೀ ಮ್ಯಾಲಿತ್ತರಿ ಅನಬೇಕು. ಅಷ್ಟ. ನಾ ಆಫೀಸಿನ್ಯಾಗೂ ಹಂಗ ಹೇಳೀನಿ.

ತಲಿ ಅಲಗ್ಯಾಡಸಬ್ಯಾಡ ತಂಗಿ… ಗೊತ್ತೈತಿ, ಗೊತ್ತೈತಿ. ಕಣ್ಣಾರೆ ನೋಡೀನಿ ಅಂತೀ. ಮಗ್ಗ ನಿಂತಿತ್ತು, ವಾಯರ್ ಸಡಲಿತ್ತು, ಅವ ಎದ್ದು ಹೋಗಿ ಮೇನ್ ಇಳಿಸಿದ್ದು ನೋಡೀನಿ ಅಂತೀ. ನಾ ಇಲ್ಲ ಅಂದ್ನೇನು? ಅವ ಇಳಿಸಿರಬೇಕು. ಆಮ್ಯಾಲೆ? ಒಲಿ ಮುಂದ ಕತ್ತಲಾತು, ನೀ ಎದ್ದಿ, ಕೈ ತಾನ ಹೋತು, ಮೇನ್ ಏರಿಸಿದಿ. ದಿನಾ ಮಾಡೂ ಕೆಲಸ ನೆನಪಿರತೈತೇನು? ನೀ ಬೇಕಂತ ಮಾಡಿದೀ ಅಂತ ಯಾರೂ ಅನ್ನೂದಿಲ್ಲ… ನಿಮ್ಮತ್ತಿ ದ್ಯಾಮವ್ವ ಅಂತಾಳ, ಹೌದು. ಸೊಸಿ ಮೇನ್ ಏರಿಸಿ ನನ್ನ ಮಗನ್ನ ತಿಂದ್ಲು ಅಂತ ಬಾವಿಕಟ್ಟಿ ಮ್ಯಾಲ ಅಂದ್ಲಂತ. ಹೆತ್ತ ಹೊಟ್ಟಿ ಸಂಕಟ. ಮಗ್ಗುಲ ಖೋಲ್ಯಾಗ ಬ್ಯಾರೆ ಒಲಿ ಹೂಡ್ಯಾಳಂತಲ್ಲ? ನಿನ್ನ ಕೈ ನೀರೂ ಮುಟ್ಟೂದಿಲ್ಲಂತ? ಛೇ ಛೇ. ಊರ ಬಾಯಿಗೆ ಮುಚ್ಚಳ ಹಾಕಾಕ ಬರತೈತೇನು ತಂಗಿ? ತಪ್ಪಾತು ಅಂತ ಒಂದ ಸಲ ಅಂದ್ಬಿಡು, ಮಂದಿ ಮರೀತಾರ. ಆಗಿಲ್ಲ ಆಗಿಲ್ಲ ಅಂತ ಕುಂತ್ರ ದಿನಾ ನೆನಸ್ತಾರ.

ಹಂಗಲ್ಲ, ನೀನ ವಿಚಾರ ಮಾಡು. ನಳದ ಚಾವಿ ಬಂದ್ ಮಾಡಿದ ಮ್ಯಾಲ ನೀರು ಬರತೈತೇನು? ನಮ್ಮ ಬೆಟಗೇರ್ಯಾಗ ಚಾವಿ ಬಿಟ್ರೂ ನೀರು ಬರೂದಿಲ್ಲ, ಆ ಮಾತು ಬ್ಯಾರೆ! ಮೇನ್ ಅಂದ್ರ ಚಾವಿ ಇದ್ದಂಗ. ಚಾವಿ ಬಂದ್, ನೀರು ಬಂದ್. ಅವಗ ಕರೆಂಟ್ ಹೊಡದೈತಿ ಅಂದ್ರ ಮೇನ್ ಮ್ಯಾಲಿತ್ತು, ಮುಗೀತು. ಸಣ್ಣ ಕೂಸಿಗೂ ತಿಳಿಯೂ ಮಾತು… ಯಾಕ ನಕ್ಕಿ? ಬನಶಂಕರೆವ್ವಾ, ಹಂಗ ನಗಬ್ಯಾಡ. ನೀ ನಕ್ಕಿದ್ದು ನೋಡಿದ್ರ ನನಗ ಹೆದರಿಕಿ ಬರತೈತಿ.

ಕೆಳಗಿತ್ತು ಅಂದ್ರ ಏನಾಗತೈತಿ ಅಂತೀಯಾ? ಏನೂ ಆಗೂದಿಲ್ಲ, ನೂರಾ ಎಂಟು ಪ್ರಶ್ನಿ ಕೇಳ್ತಾರ! ಮಗ್ಗ ಬಿಚ್ಚಸ್ತಾರ, ಗ್ವಾಡಿ ಕೆದರಸ್ತಾರ, ಮನಿಗೆ ಕರೆಂಟ್ ಕೀಳ್ತಾರ. ಮಗ್ಗ ಹೋದ್ರ ನೀ ಏನು ಉಣ್ಣಾಕಿ? ಸತ್ತಾವನ ಹೆಸರಿಗೆ ಮಸಿ ಬಡೀತಾರ. ನಾ ನಿನ್ನ ಒಳ್ಳೇದಕ್ಕ ಹೇಳಾಕತ್ತೀನಿ. ವಿಠೋಬಾ ನನಗ ಮಗ ಇದ್ದಂಗ ಇದ್ದ. ನಮ್ಮ ಮಗಳು ಗೌಸಬಿ ಲಗ್ನದ ಸೀರಿ ಅವನ ನೇದದ್ದು, ಈ ಮಗ್ಗದ ಮ್ಯಾಲ! ಲಕ್ಷ್ಮೇಶ್ವರದ ಬೀಗರು ಸೆರಗು ಮುಟ್ಟಿ ಮುಟ್ಟಿ ನೋಡಿದ್ರು. ನಾ ರೊಕ್ಕಾ ತಗದ್ರ ಕೈ ಹಿಡದ. ಚಾಚಾ, ನಿಮ್ಮ ಉಪಕಾರದ ಮುಂದ ಇದೇನು ಅಂದ.

ಏನು? ಯಾವ ಉಪಕಾರ? ಏ… ಹಂಗ… ಮನಿಗೆ ಲೈನ್ ಜಲ್ದಿ ಕೊಡಿಸಿದ್ನಲ್ಲಾ, ಅದು. ಬ್ಯಾರೆ ಏನಿರತೈತಿ?

ಆತು, ನಾ ಬರ್ತೀನಿ. ಮ್ಯಾಲಿತ್ತರಿ ಅನ್ನು, ಅಷ್ಟ… ಯಾವ ಗ್ವಾಡಿ? ಮಗ್ಗದ ಗ್ವಾಡಿ? ಅಲ್ಲಿ ಯಾಕ ಹಚ್ಚಬೇಕು, ಎಲ್ಲಾ ನೋಡಿ ಆತಲ್ಲ! ಝುಂ ಅಂತೈತಿ ಅಂತ ನೀ ಮೊನ್ನೆನೂ ಅಂದಿ. ದುಃಖದಾಗ ಕೈಕಾಲು ಜೋಮು ಹಿಡಿತಾವ ತಂಗಿ, ಅದಕ್ಕ ಗ್ವಾಡಿ ಏನು ಮಾಡೀತು? ಅದಕ್ಕ ಬೆನ್ನು ಹಚ್ಚಿ ಕುಂಡ್ರಬ್ಯಾಡ ಅಂತ ನಾ ಅವತ್ತ ಹೇಳಿದ್ನಿಲ್ಲೋ? ಯಾಕಂದ್ರ… ತಂಪು ಗ್ವಾಡಿ. ವಾಯು ಹಿಡಿತೈತಿ.

ಏ! ಏ! ರೇಡಿಯೋ ಯಾಕ ಕಸಗೊಂಡಿ? ತಾ ಇಲ್ಲೆ! ಸರಕಾರದ ಸಾಮಾನದು, ಬಿದ್ದು ಗಿದ್ದೀತು… ಬನಶಂಕರೆವ್ವಾ! ಅಲ್ಲಿ ಹಚ್ಚಬ್ಯಾಡ…

…ಹೂಂ. ಒದರತೈತಿ. ಒದರಲಿ, ಅದೇನು ದೊಡ್ಡ ಮಾತಲ್ಲ! ಮನಿ ವಾಯರಿಂಗ್ ಅಲ್ಲೇ ಹೋಗೇತಿ, ಮೊನ್ನಿ ಮಳಿಗೆ ಮ್ಯಾಳಗಿ ಮಣ್ಣು ತೊಯ್ದು ಗ್ವಾಡಿ ತಂಪು ಕುಡದೈತಿ. ಮೇನ್ ಮ್ಯಾಲೈತಿ, ಕರೆಂಟ್ ಹರಿಯಾಕತ್ತೈತಿ, ಒದರತೈತಿ. ಸಹಜ. ಇದು ಕಳವಿನ ಗರ್ರ್ ಅಲ್ಲ, ಇದು ಬ್ಯಾರೆ ಗರ್ರ್. ನನಗ ತಿಳೀತೈತಿ, ನಿನಗ ತಿಳಿಯೂದಿಲ್ಲ. ತಾ ಇಲ್ಲೆ.

ಎಲ್ಲಿ ಹೊಂಟಿ? ರೇಡಿಯೋ ಮಗ್ಗದ ಮ್ಯಾಲ ಇಟ್ಟು ಎಲ್ಲಿ… ಮೇನಿಗೆ ಕೈ ಹಚ್ಚಬ್ಯಾಡ ತಂಗಿ! ಸಾಹೇಬ್ರು ಬಂದು ಮೀಟರ್ ನೋಡೋರಿದ್ದಾರ, ಕತ್ತಲಾಗ ಹೆಂಗ… ಇಳಿಸ…

ಇಳಿಸೇ ಬಿಟ್ಟಿ.

ಹೂಂ. ಲೈಟ್ ಹೋತು. ಮೀಟರಿನ ಚಕ್ರಾನೂ ನಿಂತೈತಿ, ಬಟ್ಟು ಮಾಡಿ ತೋರಸಬ್ಯಾಡ, ನನಗೂ ಕಾಣತೈತಿ.

…ಹೌದು. ಇನ್ನೂ ಒದರಾಕತ್ತೈತಿ. ನನಗೂ ಕಿವಿ ಅದಾವ.

ಅದು… ಬಾಜೂದು ಇರಬೇಕು. ನಿಂಗಪ್ಪನ ಮನಿ ಕರೆಂಟು, ನಡುವ ಒಂದ ಗ್ವಾಡಿ ಅಲಾ, ಆ ಕಡೆಯಿಂದ ಈ ಕಡೆ… ಹಾಂ? ಅವನ ಕರೆಂಟ್ ಕಿತ್ತು ಬಂದೀನಿ. ಹೌದು, ನಾನ ಅಂದೆ. ಅಂದೆ ಅಂದೆ! ಒಂದ ಮಾತು ಹಿಡಕೊಂಡು ಕೊಳ್ಳಿಗೆ ಬೀಳ್ತಿಯಲ್ಲ! ಸೆಲ್ ಹಳೇವಾಗಿರಬೇಕು. ಮಷೀನು, ಮನಶ್ಯಾನಂಗ ಅದಕ್ಕೂ ತಲಿ ಕೆಡತೈತಿ…

ಏನು ತಗೊಂಡಿ ಕೈಯಾಗ? ಮಗ್ಗದ ಲಾಳಿ? ಲಾಳಿ ಯಾಕ? ಗ್ವಾಡಿ ಕೆದರಬ್ಯಾಡ ಬನಶಂಕರೆವ್ವಾ! ಕಟಗಿದು ಖರೆ, ಆದ್ರ ತುದಿಗೆ ಕಬ್ಬಣ ಐತಿ! ಬಿಡು! ನಿನ್ನ ಕಾಲ ಬೀಳ್ತೀನಿ ಬಿಡು, ಆ ಮಣ್ಣು ಕೀಳಬ್ಯಾಡ! ನೀ ಮುಟ್ಟಬಾರದಂತ ನಾನ ಟೇಪ್ ಸುತ್ತಿ ಮೆತ್ತೀನಿ ಅದನ್ನ…

ಅವತ್ತ. ಹೆಣಾ ಹೊರಗ ಇಟ್ಟಾಗ. ನೀವೆಲ್ಲಾ ಅಳಾಕತ್ತಿದ್ರಿ. ಯಾರರೆ ಮುಟ್ಟಿ ಗಿಟ್ಟಿ ಇನ್ನೊಂದು ಅನಾಹುತ ಆದೀತು ಅಂತ… ಒಳ್ಳೇದ ಮಾಡೀನಿ ತಂಗಿ. ಇನ್ನೊಂದು ಜೀವ ಹೋಗಬಾರದಂತ ಮಾಡೀನಿ.

ಕಂಡ್ತು. ಹೌದು, ವಾಯರ್. ಲಾಳಿ ಕೆಳಗಿಡು. ಹಿಂದ ಸರಿ, ಇನ್ನೂ ಹಿಂದ… ಹಾಂ. ಏನಂದಿ? ಇನ್ನೊಮ್ಮೆ ಅನ್ನು?

ನಾ ಮುಟ್ಟಲಿ?

ಮೇನ್ ಇಳದೈತಲ್ಲ ಚಾಚಾ, ಚಾವಿ ಬಂದ್ ಐತಲ್ಲ, ಮುಟ್ರಿ… ಅಂತೀಯೇನು ನನಗ? ಒಲ್ಲೆ. ನಾ ಯಾಕ ಮುಟ್ಲಿ? ಮುಟ್ಟಾಕ ನನಗೇನು ಹುಚ್ಚು ಹಿಡದೈತೇನು? ನೀ ಮುಟ್ತಿಯಾ? ಬ್ಯಾಡ! ಬ್ಯಾಡವ್ವಾ, ಕೈ ತಗಿ! ಸಾಯ್ತಿ! ಮೇನ್ ನಂಬಬ್ಯಾಡ, ಇದಕ್ಕೂ ಮೇನಿಗೂ ಸಂಬಂಧ ಇಲ್ಲ! ಇದು ಚಾವಿಗಿಂತ ಮೊದ್ಲಿನ ನೀರು, ಮ್ಯಾಲ ಮ್ಯಾಳಗಿಗೆ ಕಂಬದ ವಾಯರ್ ಇಳಿಯೂ ಕೊಳವ್ಯಾಗಿಂದ ಬಂದದ್ದು, ಮೀಟರಿಗೂ ಗೊತ್ತಿಲ್ಲ ಮೇನಿಗೂ ಗೊತ್ತಿಲ್ಲ, ನೀ ಅದನ್ನ ಏರಿಸಿದ್ರೇನು, ಇಳಿಸಿದ್ರೇನು…

…

ಹಂಗ ನೋಡಬ್ಯಾಡ.

ಗೊತ್ತಿತ್ತಂತಲ್ಲ… ಅಂದಾಜು. ಇಷ್ಟು ವರ್ಷ ಇದ ಕೆಲಸದಾಗ ಇದ್ದಾವಗ ಅಂದಾಜು ಇರತೈತಿ. ವಿಠೋಬಾನ ಯಾರನ್ನರೆ ಹಿಡದು ಎಳಸಿರಬೇಕು. ನೀ ಆವಾಗ ಮುಳಗುಂದಕ್ಕ ತವರಮನಿಗೆ ಹೋಗಿದ್ದಿ, ನಿನಗ ಹೆಂಗ ಗೊತ್ತಾಗಬೇಕು…

ಯಾವಾಗ ಎಳದ್ರು ಅಂತ ನನಗ ಹೆಂಗ ಗೊತ್ತು ಅಂತೀಯಾ? ನಾ ಹಂಗಂದ್ನೇನು?

ಮಾತಾಡು ತಂಗಿ. ಬೈಯಿ ಬೇಕಾರ, ಉಗುಳು. ಸೀರಿ… ಸೀರಿ ಮಾತು ನೀ ತಗೀಬ್ಯಾಡ, ಅದು ಅವನ ಖುಷಿಲೆ ಕೊಟ್ಟದ್ದು. ತಗೀಲಿಲ್ಲ? ನೀ ಏನೂ ಅನ್ಲಿಲ್ಲೇನು? …ನಾನ ಅಂದ್ನೇನು?

ಅವಗ ಹೇಳೀನಿ ಅಂತ ತಿಳದಿದ್ದೆ ನಾ. ಮೇನ್ ನಂಬಬ್ಯಾಡೋ ವಿಠೋಬಾ, ಇದಕ್ಕ ಕೈ ಹಚ್ಚೂದಿದ್ರ ನನಗ ಖಬರ ಕಳಸು ಅಂತ… ಹೇಳೇ ಇರತೀನಿ. ಇಂಥಾದ್ದು ಹೇಳದ ಹೆಂಗ ಬಿಡ್ತೀನಿ? ಹೇಳೀನಿ. ಹೇಳೀನಲ್ಲ? ಅವ ನಿನ್ನ ಮುಂದ ಅಂದಿದ್ದನೇನು?

ಇಳದಿತ್ತು ಅಂತ ನೀ ಎಷ್ಟು ಸಲ ಅಂದಿ. ಗೊತ್ತೈತಿ. ನನ್ನ ಮುಂದೂ ಅಂದಿ. ದಿನಾ ಬಂದು ಕಿತ್ತು ಒಯ್ಯಬೇಕಂತಿದ್ದೆ, ಮನಿತುಂಬ ಮಂದಿ… ಓಣಿ ಮಂದಿ ಮುಂದ ಮ್ಯಾಳಗಿ ಹೆಂಗ ಏರ್ಲಿ?

ಯಾರದು ಬಾಗಲಾಗ? ದ್ಯಾಮವ್ವಾ… ನೀ ಯಾಕ ಬಂದಿ, ಹೋಗಬೇ, ಏನಿಲ್ಲಿಲ್ಲ, ರೇಡಿಯೋ ಒದರಾಕತ್ತೈತಿ, ಅಷ್ಟ. ನೀ ಮೇನ್ ಯಾಕ ನೋಡ್ತಿ? ಮುಟ್ಟಬ್ಯಾಡ. ಅಳಬ್ಯಾಡ ಮುದುಕಿ, ಈಗ ಅಳಬ್ಯಾಡ… ಸೊಸಿ ಕಾಲ ಯಾಕ ಹಿಡೀತಿ? ಏಳು! ಯಾರರೆ ನೋಡ್ಯಾರು!

ಬನಶಂಕರೆವ್ವಾ. ಕೇಳು. ಜೀಪ್ ಬಂತು. ಕೇಳಾಕತ್ತೈತಿಲ್ಲೋ? ಈಗರೆ ರೇಡಿಯೋ ಬಂದ್ ಮಾಡು. ಆ ಗುಂಡಿ ತಿರುವು, ಧಾರವಾಡಕ್ಕ ಇಡು, ಜ್ವಾಳದ ಮಾತು ಬರಲಿ. ನನಗ ಕೊಡು. ಕೊಡವ್ವಾ… ನನಗೂ ಹೇಣ್ತಿ ಅದಾಳ, ರಹಿಮತಬಿ ಏನು ಉಣ್ಣಾಕಿ ಅನ್ನು? ಮ್ಯಾಲಿತ್ತು ಅನಬ್ಯಾಡ, ಬಿಡು, ಏನೂ ಅನಬ್ಯಾಡ. ಗ್ವಾಡಿಯಿಂದ ಅದನ್ನ ತಗಿ, ಅಷ್ಟ ಸಾಕು. ಮೇನ್ ಏರಿಸ್ಲೇನು ನಾ? ಏರಿಸ್ತೀನಿ. ಸರಿ ಒಂಚೂರು, ದಾರಿ ಬಿಡು… ದಾರಿ ಬಿಡವ್ವಾ!

…ಬರ್ರಿ ಸಾಹೇಬ್ರ, ಬರ್ರಿ. ತಲಿ ಬಗ್ಗಿಸಿ ಬರ್ರಿ, ಬಾಗಲಾ ಸಣ್ಣದೈತಿ. ಹೂಂರಿ, ಇದ ಮನಿರಿ. ಈಕಿನ ಅವನ ಹೇಣ್ತಿ. ಈಕಿ… ಮಾತಾಡೂದಿಲ್ರಿ.

ಸಪ್ಪಳಾ? ರೇಡಿಯೋದ್ದರಿ. ಗ್ವಾಡಿಗೆ ಹಚ್ಯಾಳರಿ.

ಮೇನಾ?

…ಮೇನ್ ಇಳದೈತ್ರಿ, ಸಾಹೇಬ್ರ.