ಸಾಂತ ಕ್ಲಾರ ಕೋಟೆಯ ಹೆಂಗಸರ ಅಂಗಳದ ಗೋಡೆ ಕೆರೆದ ಬಗ್ಗೆ ಕೊಬಿನಾ ಬೆಂಟ್ಸಿಲ್ ಹೇಳಿಕೆ

ಹೆಸರು ಕೊಬಿನಾ ಬೆಂಟ್ಸಿಲ್, ತಂದೆ ದಿವಂಗತ ಯಾಓ ಬೆಂಟ್ಸಿಲ್. ವಯಸ್ಸು ಅರವತ್ತೊಂದು, ನನ್ನ ತಾಯಿ ಹೇಳುತ್ತಿದ್ದ ಲೆಕ್ಕದಲ್ಲಿ ಅರವತ್ತೆರಡು. ಕಸುಬು ಚಿಪ್ಪು ಸುಟ್ಟು ಸುಣ್ಣ ಮಾಡುವುದು, ಕೋಟೆಗೆ ಗಾರೆ ಕೆಲಸ. ಓದು ನಾಲ್ಕನೇ ತರಗತಿ, ಅದೂ ನಡುವೆ ಎರಡು ವರ್ಷ ಬಿಟ್ಟು. ವಾಸ ಮೆಥಡಿಸ್ಟ್ ಚರ್ಚಿನ ಹಿಂದೆ, ಎಸುವಾನೊ ಊರು, ಘಾನಾ. ಯಾರ ಒತ್ತಾಯವೂ ಇಲ್ಲದೆ ಈ ಠಾಣೆಯಲ್ಲಿ ಕುಳಿತು ತಿಳಿಸುವುದೇನೆಂದರೆ:

ನಾನು ಮೂವತ್ತೆಂಟು ವರ್ಷದಿಂದ ಸಾಂತ ಕ್ಲಾರ ಕೋಟೆಯ ಗೋಡೆಗಳಿಗೆ ಗಾರೆ ಹಚ್ಚುತ್ತಿದ್ದೇನೆ. ನನ್ನ ಮಗಳು ಕುಕುವಾ, ವಯಸ್ಸು ಇಪ್ಪತ್ತಾರು, ಕೋಟೆಯಿಂದ ಪೂರ್ವಕ್ಕೆ ಒಂದೂವರೆ ಕಿಲೋಮೀಟರ್ ದೂರದ ಬ್ಲೂ ಪೆಲಿಕನ್ ಫ್ಯಾಮಿಲಿ ರೆಸಾರ್ಟಿನಲ್ಲಿ ಕೋಣೆ ಗುಡಿಸುತ್ತಾಳೆ. ಅಲ್ಲಿ ಅತಿಥಿಗಳು ಜಗಲಿಯ ಇದ್ದಿಲ ಒಲೆಯಲ್ಲಿ ಚಿಪ್ಪುಮೀನು ಸುಟ್ಟು ತಿನ್ನುತ್ತಾರೆ. ಸುಟ್ಟ ಚಿಪ್ಪು, ಚಿಪ್ಪಿನ ಪುಡಿ ಏನೇ ಇದ್ದರೂ ತೆಗೆದು ತಾ ಎಂದು ನಾನೇ ಅವಳಿಗೆ ಹೇಳಿಟ್ಟಿದ್ದೆ. ತಪ್ಪು ಅಲ್ಲಿಂದ ಶುರು. ಅದು ನನ್ನದು, ಅವಳದ್ದಲ್ಲ.

ದಿನಾಂಕ 8-11-2019, ಶುಕ್ರವಾರ, ಸಂಜೆ ನಾಲ್ಕೂವರೆಗೆ ಕುಕುವಾ ಚಿಪ್ಪಿನ ಚೀಲದ ಜೊತೆ ಒಂದು ಕೆಂಪು ಕಾಫಿ ಡಬ್ಬಿ ತಂದಳು. ಏಳನೇ ಕುಟೀರದ ಜಗಲಿಯಲ್ಲಿ ಒಲೆಯಿಂದ ಎರಡು ಅಡಿ ದೂರದಲ್ಲಿತ್ತು, ಅತಿಥಿಗಳು ಎರಡು ದಿನಕ್ಕೆ ಕುಮಾಸಿಗೆ ಹೋಗಿದ್ದಾರೆ ಎಂದಳು. ಒಳಗೆ ಬಿಳಿ ಬೂದು ಬಣ್ಣದ ಪುಡಿ, ನಡುನಡುವೆ ಒಡೆದ ಚಿಪ್ಪಿನಂಥ ಚೂರು. ಸುಮಾರು ಎರಡೂವರೆ ಕಿಲೋ. ನಮ್ಮಲ್ಲಿ ಸತ್ತವರನ್ನು ಹೂಳುತ್ತಾರೆ. ಮನುಷ್ಯನನ್ನು ಸುಟ್ಟರೆ ಎಷ್ಟಾಗುತ್ತಾನೆ ಎಂದು ನಾನು ನೋಡಿದವನಲ್ಲ.

ಶನಿವಾರ ಬೆಳಿಗ್ಗೆ ಏಳಕ್ಕೆ ಕೋಟೆಯಲ್ಲಿ ಪುಡಿಯನ್ನು ಜರಡಿ ಹಿಡಿದೆ. ಜರಡಿಯಲ್ಲಿ ಒಂದು ತಗಡಿನ ಬಿಲ್ಲೆ ಉಳಿಯಿತು, ಮೇಲೆ ಅಂಕಿಗಳಿದ್ದವು. ಯಾವುದೋ ಬೀಗದ್ದಿರಬೇಕೆಂದು ಜೇಬಿಗೆ ಹಾಕಿಕೊಂಡೆ. ಪುಡಿಗೆ ನೀರು ಹಾಕಿದೆ. ಸುಟ್ಟ ಚಿಪ್ಪಿಗೆ ನೀರು ಬಿದ್ದರೆ ಸುಯ್ಯೆಂದು ಕುದಿಯಬೇಕು. ಇದು ಕುದಿಯಲಿಲ್ಲ, ಬಿಸಿಯೂ ಆಗಲಿಲ್ಲ. ಮೂವತ್ತೆಂಟು ವರ್ಷದ ಕೈ, ಅಲ್ಲೇ ನಿಲ್ಲಬೇಕಿತ್ತು. ಹಳೆಯ ಸತ್ತ ಸುಣ್ಣ ಇರಬೇಕು, ಒಳ್ಳೆಯದರ ಜೊತೆ ಬೆರೆಸಿದರೆ ನಡೆಯುತ್ತದೆ ಎಂದುಕೊಂಡು ಬೆರೆಸಿದೆ. ಹನ್ನೊಂದೂವರೆಗೆ ಹೆಂಗಸರ ಅಂಗಳದ ಬಲಗೋಡೆಯಲ್ಲಿ ನಾಲ್ಕಡಿ ಎತ್ತರ, ಮೂರಡಿ ಅಗಲ ಗಾರೆ ಹಚ್ಚಿ ಮುಗಿಸಿದೆ. ಹಿಡಿದು ತಂದ ಹೆಂಗಸರನ್ನು ಹಡಗು ಬರುವ ತನಕ ಕೂಡಿಹಾಕುತ್ತಿದ್ದ ಅಂಗಳ ಅದು. ಆಮೇಲೆ ಕೈ ತೊಳೆದೆ. ಆ ನೀರು ಚರಂಡಿಗೆ ಹೋಯಿತು. ಅದನ್ನೂ ಬರೆದುಕೊಳ್ಳಬೇಕೆಂದು ಕಾನ್‌ಸ್ಟೇಬಲ್‌ಗೆ ಎರಡು ಸಲ ಹೇಳಿದ್ದೇನೆ.

ಭಾನುವಾರ ಸಂಜೆ ಐದೂಕಾಲಿಗೆ ಕುಕುವಾ ಚಪ್ಪಲಿಯಿಲ್ಲದೆ ಓಡಿಬಂದಳು. "ಅಪ್ಪಾ, ಆ ಡಬ್ಬೀಲಿದ್ದದ್ದು ಇನ್ನೂ ಇದೆಯಾ" ಎಂದಳು. ಗೋಡೆಗೆ ಹಚ್ಚಾಯಿತಲ್ಲ ಎಂದೆ. ಅವಳು ಹೊಸ್ತಿಲ ಮೇಲೆ ಕುಳಿತುಬಿಟ್ಟಳು. "ಏಳನೇ ಕುಟೀರದ ಅಜ್ಜಿ ವಾಪಸ್ ಬಂದಿದಾರೆ. ಅದು ಸುಣ್ಣ ಅಲ್ಲಪ್ಪಾ. ಅದು ಅವರ ಯಜಮಾನ್ರು" ಎಂದಳು.

ಐದು ಐವತ್ತಕ್ಕೆ ನಾವಿಬ್ಬರೂ ಏಳನೇ ಕುಟೀರಕ್ಕೆ ಹೋದೆವು. ಅಲ್ಲಿ ಅಮೆರಿಕದಿಂದ ಬಂದ ವಿಲಾಡೀನ್ ಪ್ರಾಕ್ಟರ್ ಎಂಬ ಅಜ್ಜಿ, ವಯಸ್ಸು ಎಪ್ಪತ್ತೊಂಬತ್ತು, ಮತ್ತು ಅವರ ಮಗ ಇದ್ದರು. ಅವರ ಮಾತು ನನಗೆ ಅರ್ಧ ತಿಳಿಯುತ್ತದೆ, ಉಳಿದದ್ದನ್ನು ಕುಕುವಾ ಹೇಳಿದಳು. ನಾನು ಬಿಲ್ಲೆಯನ್ನು ಅವರ ಕೈಯಲ್ಲಿಟ್ಟೆ. ಅಜ್ಜಿ ಅಂಕಿಗಳನ್ನು ಮಗನ ಹತ್ತಿರವಿದ್ದ ದಹನದ ಕಾಗದಕ್ಕೆ ಹಿಡಿದು ನೋಡಿ, ಹೌದು, ಹೊರೇಸ್ ಎಂದರು. ಹೊರೇಸ್ ಅವರ ಗಂಡ, ಮಾರ್ಚಿನಲ್ಲಿ ತೀರಿಕೊಂಡವರು.

ನನಗೆ ಬೈಯಬೇಕಿತ್ತು. ಬೈಯಲಿಲ್ಲ. ಡಬ್ಬಿಯನ್ನು ಜಗಲಿಯಲ್ಲಿ ಏಕೆ ಇಟ್ಟಿದ್ದರೆಂದು ಕುಕುವಾ ಕೇಳಿದ್ದಕ್ಕೆ, ಇಷ್ಟು ದೂರ ಬಂದವನಿಗೆ ಸಮುದ್ರದ ಸದ್ದು ಕೇಳಲಿ ಅಂತ, ನನ್ನದೇ ಬುದ್ಧಿ, ಎಂದರು. ಹೊರೇಸರ ಅಜ್ಜಿಯ ಅಜ್ಜಿಯನ್ನು ಇದೇ ಕೋಟೆಯಿಂದ ಸಾಗಿಸಿದ್ದರಂತೆ. ಸಮುದ್ರದ ಕಡೆಯ ಸಣ್ಣ ಬಾಗಿಲಲ್ಲಿ ತನ್ನನ್ನು ಬಿಡಬೇಕೆಂದು ಹೊರೇಸ್ ಆಸ್ಪತ್ರೆಯಲ್ಲಿ ಮಾತು ತೆಗೆದುಕೊಂಡಿದ್ದರಂತೆ. "ಅವಳು ಹೋದ ಬಾಗಿಲಲ್ಲೇ ನಾನೂ ಹೋಗ್ಬೇಕು, ಯಾರೂ ತಳ್ಳದೆ" ಎಂದಿದ್ದರಂತೆ.

ಯಾವ ಗೋಡೆ ಎಂದು ಮಗ ಕೇಳಿದ. ಹೇಳಿದೆ. ಅಜ್ಜಿ ನಕ್ಕರು. "ಅಡಿಗೆ ಮನೆ ಗೋಡೆಗೆ ಬಣ್ಣ ಬಳಿ ಮಾರಾಯ ಅಂತ ನಲವತ್ತು ವರ್ಷ ಬಡ್ಕೊಂಡೆ. ಬಳೀಲಿಲ್ಲ. ಈಗ ನೋಡು, ಯಾರ ಮನೆ ಗೋಡೆಗೆ" ಎಂದರು. ಆ ನಗು ಅಲ್ಲೇ ಕೆಟ್ಟುಹೋಯಿತು, ಮಗ ಅವರನ್ನು ಹಿಡಿದುಕೊಂಡ. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಒಲೆಯನ್ನು ನೋಡಿದೆ.

ಸೋಮವಾರ ಬೆಳಿಗ್ಗೆ ಎಂಟು ಹತ್ತಕ್ಕೆ ಕೋಟೆಯ ಮೇಲ್ವಿಚಾರಕ ಶ್ರೀ ಅಮಿಸ್ಸಾ ಅವರಲ್ಲಿ ಗಾರೆ ಕೆರೆಯಲು ಅಪ್ಪಣೆ ಕೇಳಿದೆ. ಗೋಡೆಗೆ ಕೈ ಹಚ್ಚಲು ಅಕ್ರಾದಿಂದ ಕಾಗದ ಬರಬೇಕು, ಮೂರು ವಾರ ಬೇಕು ಎಂದರು. ಅಜ್ಜಿಯ ವಿಮಾನ ಬುಧವಾರ, ಗಾರೆ ದಿನ ಹೋದಂತೆ ಕಲ್ಲಾಗುತ್ತದೆ ಎಂದೆ. "ಬೆಂಟ್ಸಿಲ್, ಇದು ನಿನ್ನ ಮಾವನ ಮನೆ ಗೋಡೆ ಅಲ್ಲ ಕಣಯ್ಯಾ, ಐನೂರು ವರ್ಷದ್ದು" ಎಂದರು. ನಾನು ಹಚ್ಚಿದ್ದು ಮೊನ್ನೆ ಶನಿವಾರದ್ದು ಎಂದೆ. "ಗೋಡೆಗೆ ಹತ್ತಿದ ಮೇಲೆ ಅದೂ ಕೋಟೆನೇ" ಎಂದರು. ಅವರು ಕೆಟ್ಟವರಲ್ಲ. ನನಗೆ ನೀರು ಕೊಟ್ಟರು.

ಅದೇ ದಿನ ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ಅಜ್ಜಿಯನ್ನು ಗೋಡೆಯ ಹತ್ತಿರ ಕರೆದೊಯ್ದೆ. ಅವರು ಗಾರೆಯ ಮೇಲೆ ಅಂಗೈಯಿಟ್ಟರು. ಮಗ, ಇರಲಿ ಬಿಡಮ್ಮಾ, ಅಪ್ಪನ ಅಜ್ಜಿಯ ಅಜ್ಜಿ ಇದ್ದ ಜಾಗವೇ ಅಲ್ವಾ ಎಂದ. "ಅವಳೇನು ಇಷ್ಟಪಟ್ಟು ಇದ್ಳಾ ಇಲ್ಲಿ" ಎಂದರು ಅಜ್ಜಿ. "ಅವನು ಒಳಗಿರೋಕೆ ಬಂದವನಲ್ಲ. ಹೊರಗೆ ಹೋಗೋಕೆ ಬಂದವನು." ಕೈ ತೆಗೆದಾಗ ಅಂಗೈಗೆ ಬಿಳಿ ಹತ್ತಿತ್ತು. ಅದನ್ನು ಒರೆಸದೆ ಮುಷ್ಟಿ ಕಟ್ಟಿಕೊಂಡೇ ಕಾರಿನ ತನಕ ನಡೆದರು. ಮಗ ಬಾಗಿಲು ತೆಗೆದು ಕೂರಿಸಿದ.

ಇಂದು ಮಂಗಳವಾರ. ನಮ್ಮವರು ಮಂಗಳವಾರ ಸಮುದ್ರಕ್ಕೆ ಇಳಿಯುವುದಿಲ್ಲ, ದೋಣಿಗಳೆಲ್ಲ ದಡದಲ್ಲಿದ್ದವು. ಬೆಳಿಗ್ಗೆ ಆರಕ್ಕೆ ಕೋಟೆಗೆ ಹೋದೆ. ಕೆಲಸವಿದೆ ಎಂದು ಕಾವಲುಗಾರನಿಗೆ ಸುಳ್ಳು ಹೇಳಿದೆ, ಅವನ ತಪ್ಪಿಲ್ಲ. ನನ್ನ ಹೆಂಡತಿ ಸಾವಿನ ಮನೆಗೆ ಉಡುವ ಕಪ್ಪು ಬಟ್ಟೆಯನ್ನು ಗೋಡೆಯ ಬುಡದಲ್ಲಿ ಹಾಸಿದೆ. ದೂಳು ಹಾರಿ ಹೋಗದಿರಲೆಂದು ಗಾರೆಗೆ ನೀರು ಚಿಮುಕಿಸಿ ಉಳಿಯಿಂದ ಕೆರೆದೆ. ಕೆಳಗಿನ ಹಳೆಯ ಕಲ್ಲಿಗೆ ಒಂದು ಗೀರೂ ಬಿದ್ದಿಲ್ಲ, ಯಾರು ಬೇಕಾದರೂ ನೋಡಬಹುದು. ಬಿದ್ದದ್ದನ್ನು ದೊಡ್ಡ ಬೋಗುಣಿಗೆ ತುಂಬಿದೆ. ಏಳು ಐದಕ್ಕೆ ಅಮಿಸ್ಸಾ ಬಂದು, "ಏನಯ್ಯಾ ಮಾಡಿಬಿಟ್ಟೆ, ಈಗ ನಾನು ಫೋನ್ ಮಾಡ್ದೆ ಇರೋಕಾಗುತ್ತಾ" ಎಂದರು. ಆ ಹೊತ್ತಿಗೆ ಮುಕ್ಕಾಲು ಭಾಗ ಮುಗಿದಿತ್ತು. ಅಲ್ಲಿಂದ ಸಮುದ್ರದ ಬಾಗಿಲಿಗೆ ಇಪ್ಪತ್ತೆರಡು ಹೆಜ್ಜೆ. ಅಜ್ಜಿಗೆ ಒಂಬತ್ತಕ್ಕೆ ಬರಹೇಳಿದ್ದೆ. ಏಳು ನಲವತ್ತಕ್ಕೆ ಪೊಲೀಸರು ನನ್ನನ್ನೂ ಬೋಗುಣಿಯನ್ನೂ ಇಲ್ಲಿಗೆ ತಂದರು.

ಜಪ್ತಿ ಪಟ್ಟಿಯಲ್ಲಿ "ಗಾರೆಯ ಚೂರು, ಹತ್ತೊಂಬತ್ತು ಕಿಲೋ" ಎಂದು ಬರೆದಿದೆ. ಅದರಲ್ಲಿ ಎಷ್ಟು ಸುಣ್ಣ, ಎಷ್ಟು ಹೊರೇಸರು ಎಂದು ಬೇರೆ ಮಾಡಲು ನನಗೆ ಬರುವುದಿಲ್ಲ, ಯಾರಿಗೂ ಬರುವುದಿಲ್ಲ. ಗೋಡೆಯಲ್ಲಿ ಉಳಿದ ಕಾಲು ಭಾಗದ ಬಗ್ಗೆ ಯಾರನ್ನು ಕೇಳಬೇಕೋ ತಿಳಿಯದು. ಪಟ್ಟಿಯಲ್ಲಿ ಹೊರೇಸ್ ಪ್ರಾಕ್ಟರ್ ಎಂಬ ಹೆಸರನ್ನೂ ಸೇರಿಸಬೇಕೆಂದು ಕೇಳಿದೆ. ಹಾಗೆ ಬರೆಯಲು ಬರುವುದಿಲ್ಲವೆಂದರು.

ಠಾಣೆಯಲ್ಲಿ ಸಾಮಾನಿಡುವ ಕೋಣೆ ಇಲ್ಲದ ಕಾರಣ ಬೋಗುಣಿಯನ್ನು ಲಾಕಪ್ಪಿನಲ್ಲಿಟ್ಟು ಬೀಗ ಹಾಕಿದ್ದಾರೆ. ಒಂಬತ್ತೂವರೆಗೆ ಅಜ್ಜಿ ಬಂದು ಸರಳಿನ ಮೂಲಕ ಅದನ್ನು ನೋಡಿದರು. "ಮತ್ತೆ ಒಳಗೇ ಹಾಕಿದ್ರಾ" ಎಂದರು. ಅವರು ಈಗಲೂ ಹೊರಗಿನ ಬೆಂಚಿನ ಮೇಲಿದ್ದಾರೆ. ಕುಕುವಾ ತಂದ ಗಂಜಿ ಮುಟ್ಟಿಲ್ಲ. ನಾಳೆ ಹನ್ನೆರಡಕ್ಕೆ ಅವರು ಅಕ್ರಾಕ್ಕೆ ಹೊರಡಬೇಕು.

ಗೋಡೆ ಕೆರೆದದ್ದು ನಾನೇ, ಅಪ್ಪಣೆ ಇಲ್ಲವೆಂದು ತಿಳಿದೇ ಕೆರೆದೆ. ಆ ಲಾಕಪ್ಪಿನಲ್ಲಿ ಒಬ್ಬರು ಇರಲೇಬೇಕಾದರೆ ನಾನಿರುತ್ತೇನೆ, ಎಷ್ಟು ದಿನವಾದರೂ. ಬೋಗುಣಿಯನ್ನು ಆ ಅಜ್ಜಿಯ ಕೈಗೆ ಕೊಟ್ಟು ಹೊರಗೆ ಬಿಡಬೇಕೆಂದು ಕೇಳಿಕೊಳ್ಳುತ್ತೇನೆ.

ಇದನ್ನು ನನ್ನ ಭಾಷೆಯಲ್ಲಿ ನನಗೆ ಎರಡು ಸಲ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ನನಗೆ ತಿಳಿದ ಮಟ್ಟಿಗೆ ಎಲ್ಲವೂ ನಿಜ.

ಸ್ಥಳ: ಎಸುವಾನೊ ಪೊಲೀಸ್ ಠಾಣೆ
ದಿನಾಂಕ: 12-11-2019, ಬೆಳಿಗ್ಗೆ 10.50
ಸಹಿ: ಕೊಬಿನಾ ಬೆಂಟ್ಸಿಲ್