ಬಿಳಿ ಪಿಕಪ್ಪಿನ ಮೇಲೆ ಬರೆದದ್ದು ನಾನೇ

ವಯಸ್ಸು 47 ವರ್ಷ. ಉದ್ಯೋಗ: ಲಾಂಡ್ರಿ ನಡೆಸುವುದು. ವಾಸ: ನೀರಿನ ಟ್ಯಾಂಕಿನ ಹಿಂದಿನ ರಸ್ತೆ, ಲಾಂಡ್ರಿಯ ಮೇಲಿನ ಮಹಡಿ. ಎಲ್ಲರೂ ನನ್ನನ್ನು ಕರೆಯುವುದು ಲಾಂಡ್ರಿ ಅಕ್ಕ ಎಂದು. ಹಳೆಯ ವಾಹನಗಳನ್ನು ಮಾರುವ ಯಾರ್ಡಿನ ಮಾಲೀಕರು ನನ್ನ ಮೇಲೆ ಕೊಟ್ಟಿರುವ ದೂರನ್ನು ಇಂದು ಠಾಣೆಯಲ್ಲಿ ನನಗೆ ಓದಿ ಹೇಳಿದರು. ಅದಕ್ಕೆ ಉತ್ತರವಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಾನು ಮತ್ತು ನನ್ನ ನಾದಿನಿ ಹದಿಮೂರು ವರ್ಷಗಳಿಂದ ಎರಡು ಆಸ್ಪತ್ರೆ ಮತ್ತು ಐದು ಲಾಡ್ಜ್‌ಗಳ ಬಟ್ಟೆ ಒಗೆಯುತ್ತಿದ್ದೇವೆ. ಬಟ್ಟೆ ತರುವ, ಮುಟ್ಟಿಸುವ ಗಾಡಿಯನ್ನು ನಾನೇ ಓಡಿಸುತ್ತೇನೆ. ಲೈಸೆನ್ಸ್ ಹಾಜರುಪಡಿಸಿದ್ದೇನೆ. ಇದುವರೆಗೆ ನನಗೆ ಒಂದು ದಂಡದ ಚೀಟಿಯೂ ಬಂದಿಲ್ಲ.

ಜನವರಿ 11ರಂದು ಬೆಳಿಗ್ಗೆ 10-30ಕ್ಕೆ ಸದರಿ ಯಾರ್ಡಿನಲ್ಲಿ ಬಿಳಿ ಬಣ್ಣದ ಹಳೆಯ ಪಿಕಪ್ ಕೊಂಡೆ. ಮೀಟರಿನಲ್ಲಿ 62,000 ಕಿಲೋಮೀಟರ್ ಇತ್ತು. ಬ್ರೇಕ್ ಪೆಡಲಿನ ರಬ್ಬರ್ ಮಾತ್ರ ಸವೆದು ನುಣ್ಣಗಾಗಿತ್ತು. ಅಷ್ಟು ಕಡಿಮೆ ಓಡಿದ ಗಾಡಿಗೆ ಹೀಗೇಕೆ ಎಂದು ಕೇಳಿದ್ದಕ್ಕೆ, ಮೊದಲಿನ ಮಾಲೀಕರು ಶಾಲೆಯ ಮೇಷ್ಟರು, ಹೆದರಿ ಹೆದರಿ ಬ್ರೇಕ್ ಒತ್ತುತ್ತಿದ್ದರು ಎಂದು ಯಾರ್ಡಿನವರು ಹೇಳಿದರು. ನಾನು ನಂಬಿದೆ. ನಂಬಿದ್ದು ನನ್ನ ತಪ್ಪು. ಈ ಹೇಳಿಕೆಯಲ್ಲಿ ನಾನು ಒಪ್ಪಿಕೊಳ್ಳುವ ತಪ್ಪು ಅದೊಂದೇ.

ಫೆಬ್ರವರಿ ಮೊದಲ ವಾರದಿಂದ ಗಾಡಿ ಎಡಕ್ಕೆ ಎಳೆಯತೊಡಗಿತು. ಮುಂದಿನ ಎಡ ಟೈರ್ ಒಳಬದಿಯಲ್ಲಿ ಮಾತ್ರ ಸವೆಯಿತು. ಬಲಗಡೆಯ ಬಾಗಿಲು ಎರಡು ಸಲ ಬಡಿಯದೆ ಮುಚ್ಚುತ್ತಿರಲಿಲ್ಲ. ಮಾರ್ಚ್‌ನಲ್ಲಿ ಕ್ಲಚ್ ಪ್ಲೇಟ್, ಏಪ್ರಿಲ್‌ನಲ್ಲಿ ರೇಡಿಯೇಟರ್, ಹಿಂದಿನ ಸ್ಪ್ರಿಂಗ್ ಪಟ್ಟಾ ಎರಡು ಸಲ. ಇನ್ಶೂರೆನ್ಸ್ ಬೇರೆ. ಐದು ತಿಂಗಳಲ್ಲಿ ಕೊಂಡ ಬೆಲೆಯ ಮೂರನೇ ಒಂದು ಪಾಲು ರಿಪೇರಿಗೇ ಹೋಯಿತು. ನನ್ನ ನಾದಿನಿ, "ಅತ್ತಿಗೆ, ಇದರ ಬದಲು ಆನೆ ಸಾಕಿದ್ರೆ ಸೊಪ್ಪು ತಿಂದ್ಕೊಂಡು ಸುಮ್ನೆ ಇರ್ತಿತ್ತು" ಎಂದಳು.

ಮೂರು ಸಲ ಯಾರ್ಡಿಗೆ ಹೋಗಿ ಹೇಳಿದ್ದೇನೆ. ಮೂರನೇ ಸಲ, ಅಂದರೆ ಮೇ 20ರಂದು, ಮಾಲೀಕರು ನಾಲ್ಕು ಜನ ಗಿರಾಕಿಗಳ ಮುಂದೆ ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯಬೇಕೆಂದು ಕೋರುತ್ತೇನೆ: "ಹೆಂಗಸರು ಕ್ಲಚ್ ಮೇಲೆ ಕಾಲಿಟ್ಕೊಂಡೇ ಗಾಡಿ ಓಡಿಸ್ತಾರೆ. ಪಾಪ, ಗಾಡಿ ಏನ್ ಮಾಡುತ್ತೆ?" ಗಿರಾಕಿಗಳು ನಕ್ಕರು. ನಾನು ನಗಲಿಲ್ಲ.

ಜೂನ್ 6ರಂದು ಬೆಳಿಗ್ಗೆ 8-15ಕ್ಕೆ ಆಸ್ಪತ್ರೆಯ ಇಳಿಜಾರಿನಲ್ಲಿ ಗಂಟೆಗೆ ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಬರುತ್ತಿದ್ದೆ. ಪಕ್ಕದಲ್ಲಿ ನಾದಿನಿ ಇದ್ದಳು. ಸೀಟಿನ ಹಿಂದೆ ಕೊಡಲಿ ಏಟು ಬಿದ್ದಂಥ ಸದ್ದಾಯಿತು. ಗಾಡಿಯ ಹಿಂಭಾಗ ಕುಸಿದು ಟೈರಿನ ಮೇಲೆ ಕೂತಿತು. ಗಾಡಿ ಅಡ್ಡ ತಿರುಗಿ ಹನ್ನೊಂದು ಅಡಿ ಜಾರಿ ನಿಂತಿತು. ನಾದಿನಿಯ ಹಣೆಗೆ ನಾಲ್ಕು ಹೊಲಿಗೆ ಬಿದ್ದವು. ಅವಳ ರಕ್ತ ಒರೆಸಲು ಹಿಂದಿನ ಗಂಟಿನಿಂದ ಇಸ್ತ್ರಿ ಮಾಡಿದ ಹೊದಿಕೆ ಎಳೆದುಕೊಂಡೆ. "ಅತ್ತಿಗೆ, ಅದು ಒಗೆದಿರೋದು, ಬೇಡ" ಎಂದಳು. ಅದನ್ನೇ ನಾಲ್ಕು ಮಡಿಕೆ ಮಾಡಿ ಅವಳ ಹಣೆಗೆ ಒತ್ತಿ ಹಿಡಿದೆ.

ಮಧ್ಯಾಹ್ನ 1 ಗಂಟೆಗೆ ಗ್ಯಾರೇಜಿನ ಮೇಸ್ತ್ರಿ ಗಾಡಿಯನ್ನು ಎತ್ತಿ ನೋಡಿದರು. ಗಾಡಿಯ ಬೆನ್ನೆಲುಬಾದ ಚಾಸಿ ಹಿಂದೆಂದೋ ಮುರಿದಿದ್ದು, ತುಂಡುಗಳನ್ನು ವೆಲ್ಡಿಂಗ್ ಮಾಡಿ, ಪಟ್ಟಿ ಮೆತ್ತಿ, ಮೇಲೆ ಕಪ್ಪು ಬಣ್ಣ ಬಳಿಯಲಾಗಿದೆ, ಬೆಸುಗೆ ಈಗ ಬಿಟ್ಟುಕೊಂಡಿದೆ ಎಂದರು. ಎಡಕ್ಕೆ ಎಳೆದದ್ದೂ, ಟೈರ್ ಸವೆದದ್ದೂ, ಬಾಗಿಲು ಮುಚ್ಚದಿದ್ದದ್ದೂ ಅದರಿಂದಲೇ ಎಂದು ತಿಳಿಸಿದರು. "ಮೇಲೆ ಥಳುಕು ಒಳಗೆ ಹುಳುಕು ಅಕ್ಕಾ. ಇದರಲ್ಲಿ ನಿಮ್ಮ ಕಾಲಿಂದೇನೂ ತಪ್ಪಿಲ್ಲ" ಎಂದರು.

ಜೂನ್ 9ರಂದು ಬೆಳಿಗ್ಗೆ 9 ಗಂಟೆಗೆ ಗಾಡಿಯನ್ನು ಕ್ರೇನಿನಲ್ಲಿ ಎಳೆಸಿ ಯಾರ್ಡಿನ ಎದುರು, ವಾಹನ ನಿಲ್ಲಿಸಲು ಬಿಟ್ಟಿರುವ ಜಾಗದಲ್ಲಿ ನಿಲ್ಲಿಸಿದೆ. ಗೇಟಿಗೆ ಅಡ್ಡವಾಯಿತೆಂದು ದೂರಿನಲ್ಲಿದೆ. ಅದು ಸುಳ್ಳು. ಗೇಟಿನಿಂದ ಗಾಡಿಗೆ ಹದಿನಾಲ್ಕು ಅಡಿ, ಟೇಪು ಹಿಡಿದು ಅಳೆದಿದ್ದೇನೆ. ಆಮೇಲೆ ಬಟ್ಟೆಗೆ ಗುರುತು ಹಾಕುವ ಕಪ್ಪು ಮಸಿಯಿಂದ ಗಾಡಿಯ ಎರಡೂ ಬದಿಗೆ, "ಈ ಗಾಡಿ ಇಲ್ಲಿ ಕೊಂಡದ್ದು. ಚಾಸಿ ತುಂಡಾಗಿದೆ. ಬಗ್ಗಿ ನೋಡಿ" ಎಂದು ಬರೆದೆ. ಯಾರಿಂದಲೋ ಬರೆಸಿದ್ದೇನೆಂದು ದೂರಿನಲ್ಲಿದೆ. ಬರೆದದ್ದು ನಾನೇ. ಅಕ್ಷರಗಳೂ ನನ್ನವೇ.

ಜನ ಬಗ್ಗಿ ನೋಡಿದರು. 11-40ಕ್ಕೆ ಜಲ್ಲಿ ಸಾಗಿಸುವ ಚಾಲಕರೊಬ್ಬರು ನಂಬರ್ ಪ್ಲೇಟ್ ನೋಡಿ ತಮ್ಮ ಲಾರಿ ನಿಲ್ಲಿಸಿ ಇಳಿದರು. "ಇದಿನ್ನೂ ಬದುಕಿದ್ಯಾ? ನಾನಿದನ್ನ ಗುಜರಿಗೆ ಅಂತ ತೂಕ ಹಾಕ್ಸಿ ಕೊಟ್ಟಿದ್ನಲ್ಲ!" ಎಂದರು. ಗಾಡಿ ತಮ್ಮದಾಗಿತ್ತೆಂದೂ, ಎರಡು ವರ್ಷದ ಕೆಳಗೆ ಜಲ್ಲಿ ತುಂಬಿದಾಗ ನಡು ಮುರಿದು ಹಳ್ಳಕ್ಕೆ ಉರುಳಿತ್ತೆಂದೂ, ಬಿಡಿಭಾಗ ಬಿಚ್ಚಿ ಉಳಿದದ್ದನ್ನು ಕತ್ತರಿಸುವುದಾಗಿ ಹೇಳಿ ಇದೇ ಮಾಲೀಕರು ಕೊಂಡುಹೋದರೆಂದೂ ತಿಳಿಸಿದರು. ಅವರು ಮೇಷ್ಟರಲ್ಲ. ತೂಕದ ಚೀಟಿ ಅವರಲ್ಲಿದೆ, ಸಾಕ್ಷಿ ಹೇಳಲು ಬರುತ್ತಾರೆ.

ಸಂಜೆ 4 ಗಂಟೆಗೆ ಮಾಲೀಕರು ಲಾಂಡ್ರಿಗೆ ಬಂದರು. ಕೊಟ್ಟ ಹಣ ಪೂರ್ತಿ ವಾಪಸ್ ಕೊಡುತ್ತೇನೆ, ಬರಹ ಅಳಿಸಿ, ಗಾಡಿಯನ್ನು ನೀವೇ ಕೆಡಿಸಿದಿರೆಂದು ಒಂದು ಕಾಗದಕ್ಕೆ ಸಹಿ ಹಾಕಿ ಎಂದರು. ಹಣ ನನಗೆ ಬೇಕಿತ್ತು, ಇಲ್ಲವೆನ್ನುವುದಿಲ್ಲ. ಗಾಡಿಯನ್ನು ಏನು ಮಾಡುತ್ತೀರಿ ಎಂದು ಕೇಳಿದೆ. "ಅದು ನಿಮಗ್ಯಾಕೆ?" ಎಂದರು. ಹಣೆಗೆ ಪಟ್ಟಿ ಕಟ್ಟಿಕೊಂಡ ನಾದಿನಿ ಒಳಗಿನಿಂದ, "ಮುಂದೆ ಒಡೆಯೋ ಹಣೆ ಯಾರದು ಅಂತ ಕೇಳ್ತಿದಾರೆ ಸ್ವಾಮಿ" ಎಂದಳು. ಚಾಸಿಯನ್ನು ನನ್ನ ಕಣ್ಣೆದುರು ಗ್ಯಾಸ್ ಕಟ್ಟರಿನಿಂದ ಎರಡು ತುಂಡು ಮಾಡಿಸಿದರೆ ಬರಹವನ್ನು ನಾನೇ ಅಳಿಸುತ್ತೇನೆ, ಕಾಗದಕ್ಕೆ ಮಾತ್ರ ಸಹಿ ಇಲ್ಲ ಎಂದೆ. ಅವರು ಹೊರಟುಹೋಗಿ ಮರುದಿನ ಬೆಳಿಗ್ಗೆ ಈ ದೂರು ಕೊಟ್ಟಿದ್ದಾರೆ.

ಇಂದು ಮಧ್ಯಾಹ್ನ 2-40ಕ್ಕೆ ಠಾಣಾಧಿಕಾರಿಗಳು ಖುದ್ದಾಗಿ ಗಾಡಿಯ ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡಿದರು. ಎದ್ದವರೇ ಮಾಲೀಕರನ್ನು ಠಾಣೆಗೆ ಬರಹೇಳಿದರು. ಗಾಡಿಯನ್ನು ಠಾಣೆಯ ಆವರಣಕ್ಕೆ ತರಿಸಿದ್ದು, ಸಾರಿಗೆ ಇಲಾಖೆಯವರು ಪರೀಕ್ಷಿಸುವ ತನಕ ಯಾರಿಗೂ ಕೊಡುವುದಿಲ್ಲವೆಂದು ತಿಳಿಸಿದ್ದಾರೆ. ಅವರ ಅಂಗಿಗೆ ಗ್ರೀಸ್ ಹತ್ತಿದೆ. ಒಗೆದುಕೊಡುವೆನೆಂದು ಹೇಳಿದ್ದೇನೆ. ಅದನ್ನು ಲಂಚವೆಂದು ಯಾರೂ ಬರೆಯಬಾರದು.

ಬರೆದುಕೊಂಡದ್ದನ್ನು ನನಗೆ ಪೂರ್ತಿ ಓದಿ ಹೇಳಿದರು. ಕೊನೆಯಲ್ಲಿ, "ಕೋಪದ ಭರದಲ್ಲಿ ಹೀಗೆ ಮಾಡಿದ್ದು, ಅದಕ್ಕಾಗಿ ವಿಷಾದಿಸುತ್ತೇನೆ" ಎಂಬ ಸಾಲಿತ್ತು. ಎಲ್ಲರ ಹೇಳಿಕೆಯಲ್ಲೂ ಇದನ್ನು ಹಾಕುವುದು ರೂಢಿ ಎಂದು ಬರಹಗಾರ ಪೇದೆ ಹೇಳಿದರು. ನಾನು ಹೇಳದ ಮಾತು ನನ್ನ ಹೇಳಿಕೆಯಲ್ಲಿ ಬೇಡವೆಂದೆ. ಆ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿದ್ದೇನೆ. ಉಳಿದದ್ದೆಲ್ಲ ನಾನು ಹೇಳಿದ್ದು, ಸತ್ಯ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಜೂನ್ 10, ಸಂಜೆ 5-20
ಸಹಿ: (ಎರಡು ಕಡೆ)